ಕಡತದಿಂದ ಪಹಣಿಗೆ: ಭೂದಾಖಲೆ ಸುಧಾರಣೆಗಳ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಆಡಳಿತ ಸುಧಾರಣೆಯ ಚರಿತ್ರೆಯನ್ನು ಅಣೆಕಟ್ಟು, ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸ್ಥಾಪನೆಯ ಮೂಲಕ ನಿರೂಪಿಸುವುದು ವಾಡಿಕೆಯಾಗಿದೆ. ಈ ನಿರೂಪಣೆ ತಪ್ಪೇನಲ್ಲ. ಆದರೆ ಹಳ್ಳಿಯ ರೈತನ ಮಟ್ಟಿಗೆ ಸರ್ಕಾರವೆಂಬುದು ಬಹುಕಾಲ ಒಂದು ಬರಹದ ರೂಪದಲ್ಲಿಯೇ ಇದ್ದಿತು. ತನ್ನ ಹೊಲ ಎಷ್ಟು, ಅದರ ಮೇಲಿನ ಕಂದಾಯವೆಷ್ಟು, ಅದು ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳನ್ನು ಹೇಳುವ ಆ ಬರಹ ಸಾಲಕ್ಕೆ, ಮಾರಾಟಕ್ಕೆ, ಮಕ್ಕಳ ಪಾಲಿಗೆ, ಪರಿಹಾರಕ್ಕೆ ಆಧಾರವಾಗಿತ್ತು. ಆದುದರಿಂದ ಈ ಬರಹದ ಸ್ವರೂಪದಲ್ಲಿ ಆದ ಬದಲಾವಣೆಗಳು ಆರ್ಥಿಕ ಬೆಳವಣಿಗೆ ಮತ್ತು ಸಾರ್ವಜನಿಕ ಸೇವೆ ಎರಡಕ್ಕೂ ಸಂಬಂಧಿಸಿದವು. ಕಳೆದ ಎರಡು ಶತಮಾನಗಳಲ್ಲಿ ನಡೆದ ಈ ಬದಲಾವಣೆಗಳನ್ನು ಪರಿಶೀಲಿಸಿದರೆ ಎರಡು ಬೇರೆ ಬೇರೆ ಪ್ರಶ್ನೆಗಳು ಕಾಣುತ್ತವೆ: ದಾಖಲೆ ಯಾರ ಕೈಯಲ್ಲಿದೆ? ದಾಖಲೆಯಲ್ಲಿ ಯಾರಿದ್ದಾರೆ? ಮೊದಲ ಪ್ರಶ್ನೆಗೆ ಸುಧಾರಣೆಗಳು ಮತ್ತೆ ಮತ್ತೆ ಉತ್ತರ ಹುಡುಕಿವೆ. ಎರಡನೆಯದಕ್ಕೆ ಸಿಕ್ಕ ಉತ್ತರಗಳು ವಿರಳ.

ಕಡತ ಮತ್ತು ಶಾನುಭೋಗ

ಹಳೆಯ ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಹನ್ನೆರಡು ಮಂದಿ ಆಯಗಾರರ ಕಲ್ಪನೆಯಿದೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದವರು ತಮ್ಮ ಸೇವೆಗೆ ಪ್ರತಿಯಾಗಿ ಕಣದಲ್ಲಿ ಧಾನ್ಯದ ಪಾಲನ್ನೋ ಉಂಬಳಿ ಭೂಮಿಯನ್ನೋ ಪಡೆಯುತ್ತಿದ್ದರು. ಇವರಲ್ಲಿ ಲೆಕ್ಕದ ಹೊಣೆ ಶಾನುಭೋಗನದು. ಮುಂಬಯಿ ಕರ್ನಾಟಕದಲ್ಲಿ ಇದೇ ಸ್ಥಾನ ಕುಲಕರ್ಣಿಗೆ ಸಲ್ಲುತ್ತಿತ್ತು. ಎರಡೂ ವಂಶಪಾರಂಪರ್ಯವಾಗಿ ಬಂದ ಹುದ್ದೆಗಳೇ.

ಶಾನುಭೋಗನ ಬರಹದ ಸಾಧನ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಈ ಬರಹದ ಬಾಳಿಕೆಗೆ ಸಾಕ್ಷಿಯಾಗಿವೆ. ಆದರೆ ಕಡತಕ್ಕೆ ಇನ್ನೊಂದು ಗುಣವೂ ಇದ್ದಿತು. ಅದರ ಮೇಲಿನ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಬಾಳಿಕೆ ಬರುವ, ಆದರೆ ತಿದ್ದಬಹುದಾದ ಈ ದಾಖಲೆಯನ್ನು ಓದಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಮಾತ್ರ. ಜನಪದ ಕಥೆಗಳಲ್ಲಿಯೂ ಗಾದೆಗಳಲ್ಲಿಯೂ ಶಾನುಭೋಗನು ಬುದ್ಧಿವಂತನಾಗಿ, ಅಷ್ಟೇ ಮಟ್ಟಿಗೆ ಎಚ್ಚರದಿಂದ ವ್ಯವಹರಿಸಬೇಕಾದ ವ್ಯಕ್ತಿಯಾಗಿ ಚಿತ್ರಿತನಾಗಲು ಈ ಏಕಸ್ವಾಮ್ಯವೇ ಕಾರಣ.

ಹೀಗಿದ್ದರೂ ಶಾನುಭೋಗನ ಬರಹ ಊರಿನ ನೆನಪಿನಿಂದ ಪೂರ್ತಿ ಬೇರೆಯಾಗಿರಲಿಲ್ಲ. ಹೊಲದ ಚೆಕ್ಕುಬಂದಿಯನ್ನು ಹಳ್ಳ, ಹುಣಿಸೆಮರ, ಗುಡಿ, ಬಾಂದುಕಲ್ಲುಗಳ ಮೂಲಕ ಗುರುತಿಸುತ್ತಿದ್ದರು. ಅದರಲ್ಲಿ ತಂಟೆ ಬಂದಾಗ ಹಿರಿಯರ ಮಾತೇ ಸಾಕ್ಷಿಯಾಗುತ್ತಿತ್ತು. ಬರಹಗಾರ ಹಾಗೂ ಸಾಕ್ಷಿದಾರರು ಒಂದೇ ಊರಿನಲ್ಲಿ ಬದುಕುತ್ತಿದ್ದುದರಿಂದ ದಾಖಲೆಗೆ ಅನ್ಯಾಯದ ಸಾಧ್ಯತೆಯೂ ಇದ್ದಿತು, ಪ್ರತಿಭಟನೆಯ ಸಾಧ್ಯತೆಯೂ ಇದ್ದಿತು.

ಕಂದಾಯದ ನಿಶ್ಚಿತತೆ

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವೆಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಮದುವೆಗೆ, ಮಗುವಿನ ಹುಟ್ಟಿಗೆ, ಹೆಸರಿಡುವುದಕ್ಕೆ, ತಲೆಗೂದಲು ತೆಗೆಸುವುದಕ್ಕೆ ತೆರಿಗೆಗಳಿದ್ದವು. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಊರಿನವರು ತೆರಿಗೆ ಕೊಡುತ್ತಲೇ ಬಂದಿದ್ದರು. ನಗರ ಪ್ರಾಂತದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನೂ ತೆರಿಗೆಗೆ ಒಳಗಾಗುತ್ತಿದ್ದನು.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಪಟ್ಟಿ ಕೇವಲ ವಿಚಿತ್ರಗಳ ಸಂಗ್ರಹವಲ್ಲ. ಕಳೆದುಹೋದ ಕುದುರೆಯ ಕಥೆ ಬಾಯಿಮಾತಿನಲ್ಲಿ ಮಾತ್ರ ಉಳಿದಿದ್ದರೆ ಸ್ಥಳೀಯ ಐತಿಹ್ಯವಾಗುತ್ತಿತ್ತು. ಲೆಕ್ಕದಲ್ಲಿ ಸೇರಿದ್ದರಿಂದ ಅದು ತಲೆಮಾರುಗಳ ಹೊರೆಯಾಯಿತು. ದಾಖಲೆ ತನ್ನ ಕಾರಣ ಅಳಿದ ಮೇಲೆಯೂ ಬಾಳುತ್ತದೆ ಎಂಬ ಈ ಸಂಗತಿ ಮುಂದಿನ ಚರಿತ್ರೆಗೂ ಅನ್ವಯಿಸುತ್ತದೆ.

1863ರಲ್ಲಿ ಮುಂಬಯಿ ಪದ್ಧತಿಯನ್ನನುಸರಿಸಿ ಮೈಸೂರಿನಲ್ಲಿ ಭೂಮಾಪನ ಮತ್ತು ಕಂದಾಯ ನಿರ್ಧಾರದ ಕಾರ್ಯ ಆರಂಭವಾಯಿತು. ಇದರ ಹಿಂದಿನ ತರ್ಕ ಸ್ಪಷ್ಟ. ಹೊಲವನ್ನು ಅಳೆದು, ಸಂಖ್ಯೆ ಕೊಟ್ಟು, ದೀರ್ಘಾವಧಿಗೆ ಕಂದಾಯವನ್ನು ನಿಗದಿಗೊಳಿಸಿದರೆ, ಬಾವಿ ತೋಡಿದವನಿಗೆ ಅದರ ಫಲ ತನಗೇ ಸಿಗುವುದೆಂಬ ನಂಬಿಕೆ ಬರುತ್ತದೆ, ಸಾಗುವಳಿ ಹೆಚ್ಚುತ್ತದೆ. ಹೀಗೆ ಹುಣಿಸೆಮರದ ಗುರುತಿನ ಜಾಗದಲ್ಲಿ ಸರ್ವೆ ನಂಬರು ಬಂದಿತು. 1881ರ ರಾಜ್ಯ ಪ್ರತ್ಯರ್ಪಣೆಯ ಬಳಿಕ ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 1888ರಲ್ಲಿ ಭೂಕಂದಾಯ ಸಂಹಿತೆ ಬಂದಿತು. 1911ರ ಆರ್ಥಿಕ ಸಮ್ಮೇಳನ ಮತ್ತು ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಆರಂಭವಾದ 1913ರ ಮೈಸೂರು ಬ್ಯಾಂಕ್ ಬೆಳವಣಿಗೆಗೆ ಹೊಸ ದಾರಿಗಳನ್ನು ತೆರೆದವು. ಆದರೆ ವಂಶಪಾರಂಪರ್ಯದ ಗ್ರಾಮಾಧಿಕಾರ ಮಾತ್ರ ಉಳಿದುಕೊಂಡಿತು. 1908ರ ಗ್ರಾಮಾಧಿಕಾರಗಳ ಶಾಸನ ಅದನ್ನು ಕ್ರಮಬದ್ಧಗೊಳಿಸಿತೇ ಹೊರತು ತೆಗೆದುಹಾಕಲಿಲ್ಲ.

ವಂಶದಿಂದ ಇಲಾಖೆಗೆ

1956ರಲ್ಲಿ ಏಕೀಕೃತ ರಾಜ್ಯ ರೂಪುಗೊಂಡಾಗ ಅದರ ಭಾಗಗಳಲ್ಲಿ ಭೂದಾಖಲೆಯ ಹೆಸರೂ ನಮೂನೆಯೂ ಬೇರೆ ಬೇರೆಯಾಗಿದ್ದವು. ಒಂದೆಡೆ ಉತಾರ, ಒಂದೆಡೆ ಪಹಣಿ, ಮತ್ತೊಂದೆಡೆ ಅಡಂಗಲ್. ಮುಂಬಯಿ ಪ್ರಾಂತದಲ್ಲಿ 1950ರ ಕಾಯ್ದೆಯೇ ಕುಲಕರ್ಣಿ ವತನಗಳನ್ನು ರದ್ದುಪಡಿಸಿತ್ತು. ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಶಾನುಭೋಗಿಕೆಯನ್ನು ಕೊನೆಗಾಣಿಸಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1966ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಾವಳಿಗಳು ಹಕ್ಕು, ಗೇಣಿ ಹಾಗೂ ಬೆಳೆಯ ವಿವರಗಳ ಏಕರೂಪದ ಪಹಣಿಗೆ ಆಧಾರವಾದವು.

ಶಾನುಭೋಗನ ಜಾಗಕ್ಕೆ ಸಂಬಳ ಪಡೆಯುವ, ವರ್ಗಾವಣೆಯಾಗುವ ಗ್ರಾಮಲೆಕ್ಕಿಗ ಬಂದನು. ಒಂದು ಜಾತಿಗೆ, ಒಂದು ಮನೆಗೆ ಮೀಸಲಾಗಿದ್ದ ಅಕ್ಷರದ ಅಧಿಕಾರ ಸಾರ್ವಜನಿಕ ಹುದ್ದೆಯಾದುದು ಸಾಮಾಜಿಕವಾಗಿ ದೊಡ್ಡ ಬದಲಾವಣೆ. ಆದರೆ ಹಲವು ಹಳ್ಳಿಗಳ ಲೆಕ್ಕವನ್ನು ಒಬ್ಬನೇ ನೋಡಿಕೊಳ್ಳಬೇಕಾಯಿತು. ಪುಸ್ತಕಗಳು ಅವನ ಚೀಲದಲ್ಲಿಯೇ ಇರುತ್ತಿದ್ದವು. ಪಹಣಿ ಬೇಕಾದವನು ಅವನು ಬರುವ ದಿನವನ್ನು ಕಾಯಬೇಕಾಗಿತ್ತು. ಅಧಿಕಾರದ ಮೂಲ ಬದಲಾಯಿತು, ಏಕಸ್ವಾಮ್ಯ ಉಳಿಯಿತು.

ಬಾಯಿಮಾತಿಗೆ ದೊರೆತ ಮನ್ನಣೆ

ಗೇಣಿದಾರರ ಸ್ಥಿತಿ ಇನ್ನೂ ದುರ್ಬಲವಾಗಿತ್ತು. ಗೇಣಿಯ ಒಪ್ಪಂದ ಬಹುಮಟ್ಟಿಗೆ ಬಾಯಿಮಾತಿನದು. ಗೇಣಿ ಅಳೆಯುವ ಕೊಳಗದ ಗಾತ್ರವೇ 1951ರ ಕಾಗೋಡು ಸತ್ಯಾಗ್ರಹಕ್ಕೆ ಒಂದು ಮುಖ್ಯ ಕಾರಣವಾದುದು ಪ್ರಸಿದ್ಧ ಸಂಗತಿ. ಕೊಟ್ಟ ಗೇಣಿಗೆ ರಶೀದಿಯಿಲ್ಲದವನು ಕಾನೂನಿನ ಮುಂದೆ ಸಾಗುವಳಿದಾರನೇ ಅಲ್ಲ. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ ಪರಿಣಾಮ ಸೀಮಿತವಾಗಿತ್ತು.

ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವನು 7ನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಾಗಿತ್ತು. ಮಂಡಳಿಗಳಲ್ಲಿ ಅಧಿಕಾರಿಯೊಂದಿಗೆ ಅಧಿಕಾರಿಯಲ್ಲದ ಸದಸ್ಯರೂ ಇದ್ದರು. ವಕೀಲರಿಗೆ ಪ್ರವೇಶವಿರಲಿಲ್ಲ. ಪಹಣಿಯ ನಮೂದನ್ನು ಸತ್ಯವೆಂದು ಊಹಿಸಬೇಕೆಂಬುದು ಭೂಕಂದಾಯ ಕಾಯ್ದೆಯ ನಿಯಮವಾದರೂ, ಅದಕ್ಕೆ ವಿರುದ್ಧವಾದುದನ್ನು ರುಜುವಾತುಪಡಿಸಲು ಅವಕಾಶವಿತ್ತು. ಪಕ್ಕದ ಹೊಲದವನ ಹೇಳಿಕೆ ಪಹಣಿಯ ಎದುರು ನಿಲ್ಲಬಹುದಾಗಿತ್ತು. ಸಲ್ಲಿಕೆಯಾದ 8 ಲಕ್ಷಕ್ಕೂ ಮಿಕ್ಕಿದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಎಲ್ಲ ಮಂಡಳಿಗಳೂ ಒಂದೇ ರೀತಿ ನಡೆದವೆಂದಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಕಂಡ ಪರಿಣಾಮ ಗೇಣಿ ಪದ್ಧತಿ ಕಡಿಮೆಯಿದ್ದ ಬಯಲುಸೀಮೆಯಲ್ಲಿ ಕಾಣಲಿಲ್ಲ. ಹಕ್ಕುಪತ್ರಗಳು ಬಹುಮಟ್ಟಿಗೆ ಮನೆಯ ಹಿರಿಯ ಗಂಡಸಿನ ಹೆಸರಿಗೇ ಆದವು. ಆದರೂ ದಾಖಲೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ರಾಜ್ಯವೇ ಎತ್ತಿ, ಬರಹವಿಲ್ಲದವರ ಮಾತಿನ ಬಲದಿಂದ ಬರಹವನ್ನು ತಿದ್ದಿದ ಇಷ್ಟು ವ್ಯಾಪಕವಾದ ಇನ್ನೊಂದು ಪ್ರಯತ್ನ ಈ ಚರಿತ್ರೆಯಲ್ಲಿಲ್ಲ.

‘ಭೂಮಿ’ ಯೋಜನೆ

ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999–2004ರ ಅವಧಿಯಲ್ಲಿ ಹಣಕಾಸು ಶಿಸ್ತು ಮತ್ತು ಸೇವಾ ಸುಧಾರಣೆಯ ಕ್ರಮಗಳು ಒಟ್ಟಾಗಿ ಬಂದವು. ಮಾಹಿತಿ ಹಕ್ಕಿನ ರಾಜ್ಯ ಕಾಯ್ದೆ 2000ದಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರಲ್ಲಿ ಅಂಗೀಕಾರವಾದವು. ಹಳ್ಳಿಯನ್ನು ನೇರವಾಗಿ ಮುಟ್ಟಿದ್ದು ‘ಭೂಮಿ’ ಯೋಜನೆ. ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ನಡೆದು, 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಅದು ವ್ಯಾಪಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತವಾದವು. ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕಾಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಕೆಲಸ ಮಾಡಬೇಕಾದುದರಿಂದ ತಿದ್ದಿದವರು ಯಾರೆಂಬುದು ಗುರುತಾಗುತ್ತಿತ್ತು. ಕಡತದ ಒರೆಸುವ ಗುಣಕ್ಕೆ ಸಿಕ್ಕ ಉತ್ತರವಿದು.

ಫಲವೂ ಕಂಡಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ಶೇಕಡ 66. ಹೊಸ ಕೇಂದ್ರಗಳಲ್ಲಿ ಶೇಕಡ 3. ಬೆಳೆಸಾಲಕ್ಕೆ ಪಹಣಿಯೇ ಆಧಾರವಾದುದರಿಂದ ಇದು ಆರ್ಥಿಕವಾಗಿಯೂ ಮಹತ್ವದ್ದು. 2011ರ ಸೇವಾ ಖಾತರಿ ಕಾಯ್ದೆಯ ಮೇರೆಗೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ‘ಸಕಾಲ’ ಇದೇ ದಾರಿಯ ಮುಂದುವರಿಕೆ. ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅದು ಅವಕಾಶ ಕಲ್ಪಿಸಿತು. ಅರ್ಜಿದಾರನ ಕಾಯುವಿಕೆಗೆ ಬೆಲೆಯಿದೆಯೆಂದು ಶಾಸನ ಒಪ್ಪಿಕೊಂಡಿತು.

ಆದರೆ ಗಣಕಯಂತ್ರಕ್ಕೆ ಸೇರಿದ್ದು ಹೊಸದಾಗಿ ಅಳೆದ, ಕೇಳಿ ತಿಳಿದ ವಿವರವಲ್ಲ. ಕೈಬರಹದ ಪಹಣಿಯಲ್ಲಿ ಇದ್ದುದೇ. ಅಲ್ಲಿ ತೀರಿಹೋದವರ ಹೆಸರಿದ್ದರೆ ಇಲ್ಲಿಯೂ ಅದೇ ಮುದ್ರಿತವಾಯಿತು. ಪೌತಿ ಖಾತೆಯಾಗದೆ ಅಜ್ಜನ ಹೆಸರಿನಲ್ಲಿಯೇ ಉಳಿದ ಜಮೀನಿನಲ್ಲಿ ದುಡಿಯುವ ಮೊಮ್ಮಗನಿಗೆ ಪಹಣಿ ಬೇಗ ಸಿಕ್ಕಿತು, ಸಾಲ ಸಿಗಲಿಲ್ಲ. 1994ರ ರಾಜ್ಯ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. ಪಹಣಿಯ 9ನೆಯ ಕಾಲಂ ಆ ಬದಲಾವಣೆಯನ್ನು ಕಂಡದ್ದು ಕಡಿಮೆ. ಗೇಣಿ ನಿಷೇಧವಾದ ಮೇಲೂ ಪಾಲು, ಕೋರು, ಲಾವಣಿಗಳ ಹೆಸರಿನಲ್ಲಿ ಮುಂದುವರಿದ ಸಾಗುವಳಿ ಬಾಯಿಮಾತಿನದಾಗಿಯೇ ಉಳಿಯಿತು. ಹಾಗೆ ಉಳುವವರ ಹೆಸರು ಸಾಗುವಳಿದಾರರ 12ನೆಯ ಕಾಲಮಿಗೆ ಬರಲಾರದು. ಬರ ಬಂದಾಗ ಪರಿಹಾರ ಹೆಸರಿದ್ದವನಿಗೇ ಸಲ್ಲುತ್ತದೆ.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಕೇಂದ್ರೀಕೃತ ದಾಖಲೆಯಿಂದ ಬೆಂಗಳೂರಿನ ಸುತ್ತಮುತ್ತ ಹೆಚ್ಚಿನ ಲಾಭ ಪಡೆದವರು ದೊಡ್ಡ ಭೂವ್ಯವಹಾರಸ್ಥರೆಂಬುದು ಅದರ ವಾದ. ಈ ವಾದದ ಬಗೆಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರಿಗೂ ಕೃಷಿಭೂಮಿಯ ಖರೀದಿ ಸಾಧ್ಯವಾದ ಮೇಲೆ, ಪಹಣಿಯಲ್ಲಿ ಹೆಸರಿರುವುದರ ಮತ್ತು ಇಲ್ಲದಿರುವುದರ ಅಂತರ ಇನ್ನಷ್ಟು ತೀವ್ರವಾಗಿದೆ.

ಸಮಾರೋಪ

ಈ ಎಲ್ಲ ಘಟ್ಟಗಳನ್ನು ಒಟ್ಟಾಗಿ ನೋಡಿದಾಗ ಸುಧಾರಣೆಗಳು ರೈತನನ್ನು ಒಬ್ಬೊಬ್ಬ ಮಧ್ಯವರ್ತಿಯಿಂದ ಬಿಡಿಸುತ್ತ ಬಂದಿರುವುದು ಸ್ಪಷ್ಟವಾಗುತ್ತದೆ. ಇದು ಅಲ್ಪ ಸಾಧನೆಯಲ್ಲ. ಆದರೆ ಪ್ರತಿ ಬಿಡುಗಡೆಯ ಜತೆಗೆ ದಾಖಲೆ ಊರಿನಿಂದ ಒಂದು ಹೆಜ್ಜೆ ದೂರ ಸರಿದಿದೆ: ಶಾನುಭೋಗನ ಮನೆಯಿಂದ ಲೆಕ್ಕಿಗನ ಚೀಲಕ್ಕೆ, ಚೀಲದಿಂದ ತಾಲ್ಲೂಕು ಕಚೇರಿಯ ಯಂತ್ರಕ್ಕೆ. ಯಂತ್ರ ದಾಖಲೆಯನ್ನು ಬೇಗ ಕೊಡುತ್ತದೆ, ಅಳಿಸದಂತೆ ಕಾಯುತ್ತದೆ; ಆದರೆ ಅದು ಪಕ್ಕದ ಹೊಲದವನನ್ನು ಕರೆದು ಕೇಳುವುದಿಲ್ಲ. 1974ರ ಮಂಡಳಿಗಳು ಅಂಥ ವಿಚಾರಣೆಗೆ ಎಡೆಮಾಡಿದ್ದವು. ಸೇವೆಯ ವೇಗವನ್ನು ದಿನಗಳಲ್ಲಿ ಅಳೆಯಬಹುದು. ಅದರ ನ್ಯಾಯವನ್ನು ಅಳೆಯಬೇಕಾದರೆ ಉಳುವವರ ಮಾತನ್ನು ಊರಿನ ಸಾಕ್ಷಿಯಲ್ಲಿ ಕೇಳಿ ಬರಹಕ್ಕೆ ಇಳಿಸುವ ಕ್ರಮವೊಂದು ಇರಬೇಕಾಗುತ್ತದೆ. ಅದಿಲ್ಲದಿದ್ದರೆ, ಕಳೆದ ಕುದುರೆಯ ತೆರಿಗೆಯಂತೆ, ಹಳೆಯ ಬರಹವೊಂದು ಕಾರಣ ಅಳಿದ ಮೇಲೆಯೂ ಹೊಸ ತಲೆಮಾರಿನ ಹೆಗಲ ಮೇಲೆ ಉಳಿಯುತ್ತದೆ.