ರಜಾಕಾರ: ಒಂದು ಪದದ ಹೊರೆ

ಸೆಪ್ಟೆಂಬರ್ 17 ಹತ್ತಿರವಾದಂತೆ ಕಲಬುರಗಿಯಲ್ಲಿ ಒಂದು ಪದ ಮತ್ತೆ ತಲೆಯೆತ್ತುತ್ತದೆ. ಖೂಬಾ ಪ್ಲಾಟಿನ ಮನೆಗಳಲ್ಲಾಗಲಿ, ಹಳೆಯ ಊರಿನ ಮೊಹಲ್ಲಾಗಳಲ್ಲಾಗಲಿ ಅದನ್ನು ಕೇಳದೆ ಬೆಳೆದವರು ಕಡಿಮೆ. ಆ ಪದ 'ರಜಾಕಾರ'. ಹಿಂದೂ ಮನೆಗಳಲ್ಲಿ ಅದು ಅಜ್ಜಿ ಹೇಳಿದ ಭಯದ ಕಥೆ. ಮುಸ್ಲಿಮ್ ಮನೆಗಳಲ್ಲಿ ಅದರ ಬಗ್ಗೆ ಮೌನವೇ ಹೆಚ್ಚು. ರಾಜಕೀಯ ವೇದಿಕೆಗಳಲ್ಲಿ ಅದೊಂದು ಬೈಗುಳ. ಪದದ ಅರ್ಥ ಮಾತ್ರ 'ಸ್ವಯಂಸೇವಕ'. ಇಷ್ಟು ಸಭ್ಯವಾದ ಪದ ಇಷ್ಟೊಂದು ವಿಷ ತುಂಬಿಕೊಂಡದ್ದು ಹೇಗೆ?

1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಮಜ್ಲಿಸೆ ಇತ್ತೆಹಾದುಲ್ ಮುಸ್ಲಿಮೀನ್, ಬಹಾದೂರ್ ಯಾರ್ ಜಂಗ್ ಅವರ ಕಾಲದಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟಿತು. ರಾಜ್ಯದ ಒಡೆತನ ನಿಜಾಮರದ್ದಲ್ಲ, ಮುಸ್ಲಿಮ್ ಸಮುದಾಯದ್ದು. ನಿಜಾಮರು ಅದರ ಸಂಕೇತ ಮಾತ್ರ. 'ಅನಲ್ ಮಲಿಕ್', ಅಂದರೆ ನಾನೇ ದೊರೆ ಎಂಬ ಘೋಷಣೆ ಇದರಿಂದ ಬಂತು. ಬಹುಸಂಖ್ಯೆಯ ಪ್ರಜೆಗಳು ಹಿಂದೂಗಳಾಗಿದ್ದ ರಾಜ್ಯದಲ್ಲಿ, ಹೊತ್ತಿನ ರೊಟ್ಟಿಗೆ ಪರದಾಡುತ್ತಿದ್ದ ಟಾಂಗಾವಾಲಾನಿಗೂ ನೇಕಾರನಿಗೂ 'ನೀನೇ ಅರಸ' ಎಂದು ಹೇಳಲಾಯಿತು. ಅವನ ಕೈಗೆ ಹೊಲ ಬರಲಿಲ್ಲ, ಕೂಲಿ ಹೆಚ್ಚಲಿಲ್ಲ. ಸಿಕ್ಕಿದ್ದು ಹೆಮ್ಮೆ ಮಾತ್ರ.

1946ರಲ್ಲಿ ಲಾತೂರಿನ ವಕೀಲ ಖಾಸಿಂ ರಜ್ವಿ ಮಜ್ಲಿಸಿನ ಅಧ್ಯಕ್ಷರಾದ ಮೇಲೆ ಆ ಹೆಮ್ಮೆಗೆ ಭಯವನ್ನೂ ಸೇರಿಸಲಾಯಿತು. ಆಸಫಜಾಹಿ ಧ್ವಜ ದೆಹಲಿಯ ಕೆಂಪುಕೋಟೆಯ ಮೇಲೆ ಹಾರುವುದೆಂಬ ಅವರ ಭಾಷಣಗಳು ಆಗ ಪ್ರಸಿದ್ಧವಾಗಿದ್ದವು. ಒಂದೆಡೆ ವಿಜಯದ ಕನಸು, ಇನ್ನೊಂದೆಡೆ ಸರ್ವನಾಶದ ಭೀತಿ. ಈ ಎರಡರ ನಡುವೆ ಯೋಚಿಸುವವನಿಗೆ ಜಾಗವಿರಲಿಲ್ಲ. ಹಳ್ಳಿಗಳಲ್ಲಿ ಸುಲಿಗೆ, ಬೆಂಕಿ, ಕೊಲೆಗಳು ನಡೆದವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆ ಇಂದಿಗೂ ಮರೆತಿಲ್ಲ. ಮರೆಯಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಆದರೆ ಆ ಭಾಷಣಗಳನ್ನು ಎದುರಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಭಾರತದೊಡನೆ ವಿಲೀನವನ್ನು ಬೆಂಬಲಿಸಿ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಗುಂಡಿಕ್ಕಿ, ಕೈ ಕತ್ತರಿಸಿ ಕೊಲ್ಲಲಾಯಿತು. ಉಗ್ರವಾದ ತನ್ನವರಲ್ಲೇ ಮೊದಲು ದ್ರೋಹಿಯನ್ನು ಹುಡುಕುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯಿತು. ರಜಾಕಾರರ ಕಥೆಯೂ ಮುಗಿಯಿತು, ಆದರೆ ಪದ ಉಳಿಯಿತು. ಈಗ ಅದು ಬಂದೂಕು ಹಿಡಿದವನನ್ನಲ್ಲ, ಹೆಸರಿನಿಂದ ಮುಸ್ಲಿಮನಾದ ಯಾರನ್ನಾದರೂ ಸೂಚಿಸತೊಡಗಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಚರಿಸಿ, ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆಮೇಲೆ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಸರಕಾರ ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ಅದೇ ವರದಿ ಇನ್ನೊಂದು ಮಾತನ್ನೂ ದಾಖಲಿಸಿದೆ: ಹಿಂದೂ ನೇಕಾರರು ಪ್ರಾಣ ಒತ್ತೆಯಿಟ್ಟು ಮುಸ್ಲಿಮ್ ನೇಕಾರರನ್ನು ಕಾಪಾಡಿದರು. ಮಗ್ಗದ ಮುಂದೆ ಕೂತವನಿಗೆ ಪಕ್ಕದವನು 'ರಜಾಕಾರ'ನಾಗಿ ಕಾಣಲಿಲ್ಲ, ನೇಕಾರನಾಗಿಯೇ ಕಂಡ.

ಬೀದರ ಜಿಲ್ಲೆಯ ವರವಟ್ಟಿಯ ಮಲ್ಲಿಕಾರ್ಜುನ ಖರ್ಗೆ ಅವರು ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡರು. ಆಮೇಲೆ ಅವರು ಬೆಳೆದದ್ದು ಇದೇ ಕಲಬುರಗಿಯಲ್ಲಿ. 2024ರ ನವೆಂಬರಿನಲ್ಲಿ ಮಹಾರಾಷ್ಟ್ರ ಚುನಾವಣೆಯ ವೇಳೆ ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥರು ಈ ದುರಂತವನ್ನೇ ಎತ್ತಿ, ಮತಕ್ಕಾಗಿ ಖರ್ಗೆ ಮೌನವಾಗಿದ್ದಾರೆಂದು ಟೀಕಿಸಿದರು. ಮಗ ಪ್ರಿಯಾಂಕ್ ಖರ್ಗೆ ಕೊಟ್ಟ ಉತ್ತರದ ಸಾರ ಇಷ್ಟೆ: ಆ ಕೃತ್ಯ ರಜಾಕಾರರದ್ದು, ಇಡೀ ಮುಸ್ಲಿಮ್ ಸಮುದಾಯದ್ದಲ್ಲ. ನೋವುಂಡ ಮನೆಯೇ ಈ ವ್ಯತ್ಯಾಸವನ್ನು ಉಳಿಸಿಕೊಂಡಿದೆ. ನೋಯದವರು ಅದನ್ನು ಅಳಿಸಲು ಹೊರಟಿದ್ದಾರೆ.

ರಜ್ವಿಯವರ ಭಾಷಣಕ್ಕೂ ಇಂದಿನ ದ್ವೇಷ ಭಾಷಣಕ್ಕೂ ಧ್ವಜ ಬೇರೆ, ವ್ಯಾಕರಣ ಒಂದೇ. ಬಡವನಿಗೆ ಹೆಮ್ಮೆಯ ಆಮಿಷ ತೋರಿಸುವುದು, ನೆರೆಯವನ ಭಯ ತುಂಬುವುದು, ಪ್ರಶ್ನಿಸಿದವನನ್ನು ದ್ರೋಹಿಯೆನ್ನುವುದು, ಕೊನೆಗೆ ಒಬ್ಬನ ತಪ್ಪನ್ನು ಎಲ್ಲರ ಹೆಗಲಿಗೆ ಹೊರಿಸುವುದು. ರಜ್ವಿ 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದರು. ಅವರ ಮಾತಿನ ಸಾಲ ತೀರಿಸಲು ಉಳಿದವರು ಇಲ್ಲಿಯ ಬಡ ಮುಸ್ಲಿಮರು.

ಆದ್ದರಿಂದ ಮೌನ ನಮಗೆ ಉತ್ತರವಲ್ಲ. ಗೋರ್ಟಾದ ಕಥೆಯನ್ನು ಮುಸ್ಲಿಮ್ ಮನೆಗಳಲ್ಲಿ ಹೇಳಬೇಕು, ಸುಂದರಲಾಲ್ ವರದಿಯ ಕಥೆಯನ್ನು ಹಿಂದೂ ಮನೆಗಳಲ್ಲಿ. ಶೋಯೆಬುಲ್ಲಾ ಖಾನರ ಕಥೆಯನ್ನು ಮತ್ತು ಆ ನೇಕಾರರ ಕಥೆಯನ್ನು ಎರಡೂ ಕಡೆ ಹೇಳಬೇಕು.