ಎರಡನೆಯ ಮೆಟ್ಟಿಲು

ಮುಂಬಯಿಯಲ್ಲಿ ಕಡಲ ಪಕ್ಕದಲ್ಲೇ ವರ್ಷಗಟ್ಟಲೆ ಬದುಕಿಯೂ ಕಡಲ ಒಳಗನ್ನು ಕಾಣದವರ ಸಾಲಿನಲ್ಲಿ ಇತ್ತೀಚಿನವರೆಗೆ ನಾವೂ ಇದ್ದೆವು. ಈ ಊರಿನ ಕಡಲು ಕಟ್ಟೆಯ ಮೇಲೆ ಕುಳಿತು ನೋಡುವುದಕ್ಕೆ ಹೇಳಿ ಮಾಡಿಸಿದ್ದು, ಮುಳುಗುವುದಕ್ಕಲ್ಲ. ಖಾಡಿಗಳ ಕೆಸರೂ ನಗರದ ಕೊಳೆಯೂ ಸೇರಿದ ನೀರಿನಲ್ಲಿ ಚಾಚಿದ ಕೈ ಕಾಣುವುದೂ ಕಷ್ಟ. ಆದ್ದರಿಂದ ಮುಂಬಯಿಗರ ಸ್ಕೂಬಾ ಕಲಿಕೆ ಉಪನಗರದ ಯಾವುದಾದರೂ ಈಜುಕೊಳದಲ್ಲಿ ಮೊದಲಾಗಿ ಮಾಲವಣದಲ್ಲೋ ಗೋವೆಯಲ್ಲೋ ಲಕ್ಷದ್ವೀಪದಲ್ಲೋ ಮುಗಿಯುತ್ತದೆ. ಕನ್ನಡಿಗರಾದ ನಾವು ಮೂವರು ಗೆಳೆಯರು ನೇತ್ರಾಣಿಯನ್ನು ಆರಿಸಿಕೊಂಡೆವು. ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿ ಮುರ್ಡೇಶ್ವರದಲ್ಲಿ ಇಳಿದರೆ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು. ಹೆಸರೇ ಮೀನುಗಂಧದ ರೈಲಿನಲ್ಲಿ ಮೀನುಗಳನ್ನು ನೋಡಲು ಹೋದದ್ದು ಔಚಿತ್ಯಪೂರ್ಣವಾಗಿಯೇ ಇತ್ತು.

ಮೊದಲ ಪ್ರಮಾಣಪತ್ರ ಕೈಗೆ ಬಂತು. 18 ಮೀಟರಿನವರೆಗೆ ಇಳಿಯಲು ಅದು ಅನುಮತಿ. ಅದನ್ನು ಪಡೆದ ದಿನದ ಕೊನೆಯ ಮುಳುಗಿನಲ್ಲಿ, ಹನ್ನೆರಡು ಮೀಟರಿನ ಸುಮಾರಿಗೆ, ನಮ್ಮಲ್ಲೊಬ್ಬರ ಜಾಕೆಟ್ಟಿನಲ್ಲಿ ಗಾಳಿ ಹೆಚ್ಚಾಗಿ ಅವರು ಬುರುಗಿನಂತೆ ಮೇಲೇರತೊಡಗಿದರು. ಬೋಧಕರು ಅವರ ಕಾಲಿನ ರೆಕ್ಕೆಯನ್ನು ಹಿಡಿದೆಳೆದು, ಗಾಳಿ ಬಿಡಿಸಿ, ಮತ್ತೆ ಸಮಸ್ಥಿತಿಗೆ ತಂದರು. ಏನೂ ಆಗಲಿಲ್ಲ. ಆದರೆ ಸಂಜೆ ದಡದಲ್ಲಿ ಚಹಾ ಕುಡಿಯುವಾಗ, ನಾಳೆಯೇ ಮುಂದಿನ ಕೋರ್ಸಿಗೆ ಸೇರಿದರೆ ರಿಯಾಯಿತಿ ಉಂಟೆಂದೂ, ಎರಡು ದಿನದಲ್ಲಿ 30 ಮೀಟರಿನ ಅರ್ಹತೆ ಸಿಗುವುದೆಂದೂ ಹೇಳಲಾಯಿತು. ಹೇಳಿದವರ ಹೆಸರು ಇಲ್ಲಿ ಬೇಡ. ಮೇಲೇರಿಹೋಗಿದ್ದ ಗೆಳೆಯರೇ ಎಲ್ಲರಿಗಿಂತ ಮೊದಲು ಹಣ ಎಣಿಸಲು ತೊಡಗಿದರು! ನಮ್ಮೊಳಗೆ ಆಗ ಹುಟ್ಟಿದ ವಾದ ಹಿಂದಿರುಗುವ ರೈಲಿನಲ್ಲಿ ರತ್ನಾಗಿರಿಯವರೆಗೂ ನಡೆಯಿತು. ಆ ವಾದವನ್ನು ಬಗೆಹರಿಸಿಕೊಳ್ಳಲೆಂದೇ ಈ ಕಲಿಕೆಯ ಮೆಟ್ಟಿಲುಗಳನ್ನು ಯಾರು, ಏಕೆ ಕಟ್ಟಿದರೆಂದು ನಾವು ಹುಡುಕಹೊರಟೆವು.

ಮೊದಲ ಮೆಟ್ಟಿಲು ಕಡಲಿನದಲ್ಲ, ಸೇತುವೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಗಳ ತಳದಲ್ಲಿ ಅಡಿಪಾಯ ತೋಡಲು, ಒತ್ತಡದ ಗಾಳಿ ತುಂಬಿದ ಭಾರೀ ಪೆಟ್ಟಿಗೆಗಳನ್ನು ನೀರಿಗಿಳಿಸಿ ಅವುಗಳೊಳಗೆ ಕೂಲಿಗಳನ್ನು ಕಳಿಸುತ್ತಿದ್ದರು. ಕೆಲಸ ಮಾಡುವಾಗ ಆರೋಗ್ಯವಾಗಿಯೇ ಇದ್ದವರು ಮೇಲೆ ಬಂದ ಮೇಲೆ ಕೀಲುನೋವಿನಿಂದ ಬಾಗಿಹೋಗುತ್ತಿದ್ದರು, ಕೆಲವರು ಸಾಯುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ವ್ಯಾಧಿಯಿಂದ ಹಾಸಿಗೆ ಹಿಡಿದರು. ಅದಕ್ಕೆ ಕಾರಣವನ್ನು ಫ್ರೆಂಚ್ ವಿಜ್ಞಾನಿ ಪೋಲ್ ಬೇರ್ 1878ರಲ್ಲಿ ಪ್ರಯೋಗಗಳಿಂದ ತೋರಿಸಿದರು: ಒತ್ತಡದಲ್ಲಿ ರಕ್ತಕ್ಕೆ ಕರಗಿಹೋದ ಸಾರಜನಕ, ಒತ್ತಡ ತಟ್ಟನೆ ಇಳಿದಾಗ ಗುಳ್ಳೆಗಳಾಗಿ ಹೊರಬೀಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆರೆದಾಗ ಆಗುವುದೂ ಇದೇ. ಅಂದರೆ ಅಪಾಯ ಇಳಿಯುವುದರಲ್ಲಿ ಮಾತ್ರವಲ್ಲ, ಏರುವುದರಲ್ಲಿಯೂ ಇದೆ. ಈ ಒಂದು ಮಾತು ಗೊತ್ತಾಗಲು ಎಷ್ಟು ಕೂಲಿಗಳ ಮೊಣಕಾಲು ಹೋಯಿತೋ!

ಬ್ರಿಟನ್ನಿನ ನೌಕಾಡಳಿತ ಈ ಪ್ರಶ್ನೆಯನ್ನು ಜಾನ್ ಸ್ಕಾಟ್ ಹಾಲ್ಡೇನ್‌ಗೆ ಒಪ್ಪಿಸಿತು. ಅವರು ಆಡುಗಳನ್ನು ಉಕ್ಕಿನ ಕೋಣೆಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದರು. ನೋವಾದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು, ಅದೇ ರೋಗಲಕ್ಷಣ. ಬಾಯ್ಕಾಟ್ ಮತ್ತು ಡೇಮಂಟ್ ಜೊತೆಗೂಡಿ ಅವರು 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಮುಳುಗುಗಾರನಿಗೆ ಮೇಲೇರುವ ದಾರಿಯಲ್ಲಿ ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನಿಲ್ಲಬೇಕೆಂದು ತಿಳಿಸಿದವು. ಇಂದು ನಾವು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ಆ ಆಡುಗಳ ಮೊಮ್ಮಗನೇ.

ಏರುವ ವೇಗದ ಕಥೆ ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ವಿಶೇಷವಾಗಿ ಹಿಡಿಸಿತು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯಲ್ಲಿ, ರೆಕ್ಕೆ ಕಟ್ಟಿ ಈಜುವ ಸೈನಿಕರು ನಿಮಿಷಕ್ಕೆ 100 ಅಡಿಯೋ ಅದಕ್ಕೂ ಹೆಚ್ಚೋ ಏರಬೇಕೆಂದರು. ಲೋಹದ ಶಿರಸ್ತ್ರಾಣ ತೊಟ್ಟು ಹಗ್ಗದ ಮೇಲೆ ಏರುವ ಹಳೆಯ ಮುಳುಗುಗಾರರಿಗೆ ಅಷ್ಟು ವೇಗ ಅಸಾಧ್ಯವಾಗಿತ್ತು. ಕೊನೆಗೆ ನಿಮಿಷಕ್ಕೆ 60 ಅಡಿ, ಅಂದರೆ ಸೆಕೆಂಡಿಗೊಂದು ಅಡಿ, ಎಂದು ರಾಜಿಯಾಯಿತು. ವಿಜ್ಞಾನ ಇದರಲ್ಲಿ ಅತ್ಯಲ್ಪ. ಎರಡು ವಿಭಾಗಗಳ ಟಿಪ್ಪಣಿಗಳ ನಡುವೆ ಮೂಡಿದ ಒಮ್ಮತವೇ ಹೆಚ್ಚು. ಜಗತ್ತಿನ ಹವ್ಯಾಸಿಗಳು ದಶಕಗಳ ಕಾಲ ಆ ಸಂಖ್ಯೆಯನ್ನು ಶಾಸನದಂತೆ ಪಾಲಿಸಿದರು. ಈಗ ನಿಮಿಷಕ್ಕೆ ಒಂಬತ್ತು ಮೀಟರು ಎಂದು ಹೇಳಿಕೊಡುವುದು ವಾಡಿಕೆ. ಐದು ಮೀಟರಿನಲ್ಲಿ ಮೂರು ನಿಮಿಷದ ವಿರಾಮವೂ ಸೇರಿದೆ. ನಮ್ಮ ಗೆಳೆಯರು ಅಂದು ಏರಿದ್ದು ಇದಕ್ಕಿಂತ ಹಲವು ಪಟ್ಟು ವೇಗದಲ್ಲಿ.

1943ರಲ್ಲಿ ಕುಸ್ತೋ ಮತ್ತು ಗಾನ್ಯಾಂ ಬೇಕಾದಾಗ ಮಾತ್ರ ಗಾಳಿ ಬಿಡುವ ಕವಾಟವನ್ನು ರೂಪಿಸಿದ ಬಳಿಕ ಯಾರು ಬೇಕಾದರೂ ಮುಳುಗಬಹುದಾಯಿತು, ಕಲಿಸುವವರೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ ವಿಜ್ಞಾನಿಗಳಿಗಾಗಿ ರೂಪಿಸಿದ ಶಿಕ್ಷಣಕ್ರಮವನ್ನು ಆಧರಿಸಿ ಲಾಸ್ ಏಂಜಲೀಸ್ ಕೌಂಟಿ 1954ರಲ್ಲಿ ಸಾರ್ವಜನಿಕರಿಗೆ ಪಾಠ ಆರಂಭಿಸಿತು. ಆ ಲಿಂಬಾರವರೇ 1960ರಲ್ಲಿ ಫ್ರಾನ್ಸಿನ ಒಂದು ನೀರಗುಹೆಯಲ್ಲಿ ದಾರಿ ತಪ್ಪಿ ತೀರಿಕೊಂಡರು. ಗುಹೆಗೆ ಬೇರೆಯೇ ಪಾಠಕ್ರಮ ಬೇಕೆಂಬ ತಿಳಿವಳಿಕೆ ಅಂಥ ಸಾವುಗಳ ನಂತರ ಬಂತು. ಅದೇ 1960ರಲ್ಲಿ ನೌಯಿ, 1966ರಲ್ಲಿ ಪ್ಯಾಡಿ ಎಂಬ ಸಂಸ್ಥೆಗಳು ಅಮೆರಿಕದಲ್ಲಿ ಹುಟ್ಟಿದವು. ದೀರ್ಘ ಶಿಕ್ಷಣವನ್ನು ಸಣ್ಣ ಸಣ್ಣ ಕೋರ್ಸುಗಳಾಗಿ ಕತ್ತರಿಸಿ ಮಾರಿದ್ದರಿಂದ ಹವ್ಯಾಸ ಹಬ್ಬಿತು. ಅದನ್ನು ಹೀಗಳೆಯುವುದು ನಮಗೆ ಸಲ್ಲದು. ಹಾಗಾಗದಿದ್ದರೆ ರಜೆಯ ಲೆಕ್ಕ ಹಾಕುವ ನಾವು ನೀರಿಗೇ ಇಳಿಯುತ್ತಿರಲಿಲ್ಲ. ಆದರೆ ಕತ್ತರಿಸುವಾಗ ಕ್ರಮವೂ ಬದಲಾಯಿತು. ಪ್ಯಾಡಿಯ ಎರಡನೆಯ ಮೆಟ್ಟಿಲಿನ ಐದು ಮುಳುಗುಗಳಲ್ಲಿ ಆಳವೂ ದಿಕ್ಕು ಹಿಡಿಯುವುದೂ ಕಡ್ಡಾಯ; ತೇಲುವಿಕೆಯ ಹತೋಟಿ ಐಚ್ಛಿಕ; ರಕ್ಷಣೆ ಮುಂದಿನ ಕೋರ್ಸಿಗೆ. 1953ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಬ್ರಿಟಿಷ್ ಸಬ್‌ಆಕ್ವಾ ಕ್ಲಬ್ಬಿನಲ್ಲಿ ಹಾಗಿಲ್ಲ. ಎರಡನೆಯ ದರ್ಜೆಯಲ್ಲಿಯೇ ಜೊತೆಗಾರನನ್ನು ಮೇಲೆ ತರುವ ವಿದ್ಯೆಯನ್ನು ಕಲಿಯಬೇಕು. ನಮ್ಮ ಅಭಿಪ್ರಾಯದಲ್ಲಿ ಆ ಹಳೆಯ ಕ್ರಮವೇ ಸರಿ.

ನಮ್ಮಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಲೋಥಲ್ಲಿನ ಹಡಗುಕಟ್ಟೆಯನ್ನು ಅಗೆದು ತೋರಿಸಿದ ಶಿಕಾರಿಪುರ ರಂಗನಾಥ ರಾವ್ (1922–2013) ಕನ್ನಡಿಗರು. ಪುರಾತತ್ತ್ವ ಇಲಾಖೆಯಿಂದ ನಿವೃತ್ತರಾಗಿ, ಅರವತ್ತರ ಹೊಸ್ತಿಲಲ್ಲಿ, 1981ರಲ್ಲಿ ಅವರು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವಕ್ಕೆ ನಾಂದಿ ಹಾಡಿದರು. 1983ರಿಂದ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಯಿತು. ಸಿಕ್ಕ ಅವಶೇಷಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ನಮಗಿಲ್ಲಿ ಬೇಡ. ನಾವು ಗಮನಿಸಿದ್ದು ಆಳವನ್ನು. ಮೂರು ತೂತಿನ ಕಲ್ಲು ಲಂಗರುಗಳು, ಕಟ್ಟಡದ ಕಲ್ಲುಗಳು ಬಹುಮಟ್ಟಿಗೆ ಕೆಲವೇ ಮೀಟರು ನೀರಿನಲ್ಲಿವೆ. ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿ, ತೋಪುಗಳು ಸಿಕ್ಕ ಗೋವೆಯ ಸುಂಚಿ ಬಂಡೆಯ ಬಳಿಯ ಮುಳುಗುನೌಕೆಯೂ ಹಾಗೆಯೇ. ನಮ್ಮ ಕೈಯಲ್ಲಿದ್ದ 18 ಮೀಟರಿನ ಕಾಗದ ಅಲ್ಲಿಗೆ ಧಾರಾಳವಾಗಿ ಸಾಕು. ಸಾಲದಿದ್ದದ್ದು ಬೇರೆ: ತಳದಿಂದ ಒಂದು ಮೊಳ ಮೇಲೆ, ಮರಳನ್ನು ಕದಡದೆ, ಗೆರೆ ಎಳೆದಂತೆ ನಿಲ್ಲುವುದು. ರೆಕ್ಕೆಯ ಒಂದು ಒದೆತಕ್ಕೆ ಎದ್ದ ಹೂಳು ಅಂದಿನ ಅಳತೆಯನ್ನೆಲ್ಲ ಮುಚ್ಚಿಬಿಡಬಲ್ಲದು.

ಮತ್ತೊಂದು ಲೆಕ್ಕವೂ ಇದೆ. ಹತ್ತು ಮೀಟರಿನಲ್ಲಿ ಒತ್ತಡ ಮೇಲಿನದರ ಎರಡರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟು. ಅಲ್ಲಿ ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚು. ಹೊಸಬರ ಉಸಿರಾಟವೋ ಮೊದಲೇ ದುಂದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಮೂದಲಿಕೆಗೆ ನೀರೊಳಗಿದ್ದೂ ಬೆವರಿದನೆಂದು ರನ್ನ ಹೇಳಿದ್ದನ್ನು ನಾವು ಓದುವಾಗ ಅತಿಶಯೋಕ್ತಿಯೆಂದು ಮೆಚ್ಚಿದ್ದೆವು. ನೇತ್ರಾಣಿಯ ಬಳಿ ಒಮ್ಮೆ ಗಾಬರಿಯಾದ ಮೇಲೆ ಅದು ಅನುಭವದ ಮಾತೇ ಎನಿಸಿತು. ಜಲಸ್ತಂಭನ ಬಲ್ಲವನೂ ಕೋಪವನ್ನು ತಡೆಯಲಾರದೆ ಮೇಲೆ ಬಂದ.

ಕೊನೆಗೆ ನಾವು ಮಾಡಿಕೊಂಡ ತೀರ್ಮಾನ ಹೀಗಿದೆ. ಈ ಮಳೆಗಾಲದ ಭಾನುವಾರಗಳು ಈಜುಕೊಳಕ್ಕೆ; ಒಂದೂವರೆ ಮೀಟರು ನೀರಿನಲ್ಲಿ, ಕೈಯಾಡಿಸದೆ, ಮೂರು ನಿಮಿಷ ಅಲುಗದೆ ನಿಲ್ಲುವ ಅಭ್ಯಾಸ. ಪ್ರಥಮ ಚಿಕಿತ್ಸೆಯ ತರಬೇತಿ ದೀಪಾವಳಿಗೆ ಮುಂಚೆ. ಕಡಲು ತಿಳಿಯಾದ ಮೇಲೆ ಮತ್ತೆ ನೇತ್ರಾಣಿಯಲ್ಲಿ, 18 ಮೀಟರಿನೊಳಗೇ, ಕನಿಷ್ಠ ಇಪ್ಪತ್ತು ಮುಳುಗು. ಎರಡನೆಯ ಕೋರ್ಸಿಗೆ ಅದಾದ ಬಳಿಕ ಸೇರುವುದು, ಸೇರುವಾಗ ತೇಲುವಿಕೆಯ ಹತೋಟಿಯನ್ನೂ ಆರಿಸಿಕೊಳ್ಳುವುದು. ಅಲ್ಲಿಂದ ನೇರ ರಕ್ಷಣೆಯ ಪಾಠಕ್ಕೆ. 30 ಮೀಟರಿಗಾಗಿ ಹಣ ಎಣಿಸಿದ್ದ ಗೆಳೆಯರು ಇನ್ನೂ ಪೂರ್ತಿ ಒಪ್ಪಿಲ್ಲ. ಕಳೆದ ಭಾನುವಾರ ಕೊಳದಲ್ಲಿ ಅವರು ಅಲುಗದೆ ನಿಂತದ್ದು ಒಂದು ನಿಮಿಷ ನಲವತ್ತು ಸೆಕೆಂಡು; ನಾವಿಬ್ಬರು ಅದಕ್ಕೂ ಕಡಿಮೆ.