ಹೆಸರಿನಲ್ಲಿ ಹುಳಿಯಿಲ್ಲದ ಹುಳಿ

ಫಿಲಿಪೀನ್ಸ್‌ನವರ ಮನೆಮನೆಯ ಹುಳಿಸಾರು ಸಿನಿಗಾಂಗ್. ಆದರೆ ಆ ಹೆಸರಿನಲ್ಲಿ ಹುಳಿಯ ಸುಳಿವೇ ಇಲ್ಲ. ಟಗಾಲೊಗ್ ಭಾಷೆಯ ‘ಸಿಗಾಂಗ್’ ಎಂಬ ಧಾತುವಿಗೆ ನೀರಿನಲ್ಲಿ ಬೇಯಿಸುವುದೆಂದು ಅರ್ಥ. ಅದರ ನಡುವೆ ‘ಇನ್’ ಸೇರಿದರೆ ಸಿನಿಗಾಂಗ್, ಅಂದರೆ ಬೇಯಿಸಿದ್ದು. ಕನ್ನಡದ ಪ್ರತ್ಯಯ ಪದದ ಬಾಲ ಹಿಡಿಯುತ್ತದೆ; ಟಗಾಲೊಗ್‌ನ ಈ ಪ್ರತ್ಯಯ ಹೊಟ್ಟೆಗೇ ಇಳಿಯುತ್ತದೆ. ‘ಸಂಗಾಗ್’ ಎಂಬುದು ಹುರಿಯುವ ಕೆಲಸ, ‘ಸಿನಂಗಾಗ್’ ಹುರಿದ ಅನ್ನ.

ನಾವು ರುಚಿಯ ಹೆಸರನ್ನೇ ಅಡುಗೆಗಿಟ್ಟು ‘ಹುಳಿ’ ಎಂದೆವು. ಅವರು ಒಲೆಯ ಕೆಲಸವನ್ನು ಹೆಸರಿಸಿ, ಹುಳಿ ಎಲ್ಲಿಂದ ಬರಬೇಕೆಂಬುದನ್ನು ಅಡುಗೆಯವರಿಗೆ ಬಿಟ್ಟರು. ಆ ಪದ ಇಷ್ಟು ಹಬ್ಬಿದ್ದಕ್ಕೆ ಈ ಸಡಿಲವೇ ಕಾರಣ ಎಂದು ನನ್ನ ಎಣಿಕೆ. ‘ಸಿನಿಗಾಂಗ್ ನಾ ಬಾಬೊಯ್’ ಎಂದರೆ ಹಂದಿಮಾಂಸದ್ದು, ‘ನಾ ಹಿಪೊನ್’ ಎಂದರೆ ಸೀಗಡಿಯದು. ‘ಸಾ’ ಬಂದರೆ ಹುಳಿಯ ಗುಟ್ಟು ಹೊರಬೀಳುತ್ತದೆ: ‘ಸಾ ಸಾಂಪಾಲೊಕ್’ ಹುಣಸೆಯದು, ‘ಸಾ ಬಯಾಬಾಸ್’ ಸೀಬೆಯದು. ಕಾಮಿಯಾಸ್ ಎಂದು ಅವರು ಕರೆಯುವ ಬಿಂಬುಳಿ, ಮಾವಿನಕಾಯಿ, ಕಾಲಮಾನ್ಸಿ ನಿಂಬೆ, ವಿಸಾಯಾಸ್ ದ್ವೀಪಗಳ ಬಾತ್ವಾನ್ ಕಾಯಿ, ಎಲ್ಲಕ್ಕೂ ಇಲ್ಲಿ ಜಾಗವಿದೆ.

ಮಾಂಸದ ಸಿನಿಗಾಂಗ್‌ಗೆ ಆತುರ ಆಗದು. ಹಂದಿಯ ಪಕ್ಕೆಲುಬನ್ನು ಈರುಳ್ಳಿ, ಟೊಮೆಟೊ ಜೊತೆ ಸಣ್ಣ ಉರಿಯಲ್ಲಿ ಗಂಟೆಗೂ ಹೆಚ್ಚು ಬೇಯಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಬರಿಯ ನೀರಿನ ಬದಲು ಅಕ್ಕಿ ತೊಳೆದ ಎರಡನೆಯ ನೀರು, ನಮ್ಮ ಮಲೆನಾಡಿನ ಅಕ್ಕಚ್ಚು, ಪಾತ್ರೆಗೆ ಬೀಳುತ್ತದೆ. ಕೆಸುವಿನ ಗೆಡ್ಡೆ ಕರಗಿ ಸಾರಿಗೆ ಮಂದ ಕೊಡುತ್ತದೆ. ಅದು ಕರಗುವ ಮೊದಲೇ ಹುಳಿ ಬಿಟ್ಟರೆ ಗೆಡ್ಡೆ ಗಟ್ಟಿಯಾಗಿಯೇ ಉಳಿಯುತ್ತದೆ. ತರಕಾರಿ ಮೆತ್ತಗಾಗುವುದನ್ನು ಆಮ್ಲ ತಡೆಯುತ್ತದೆ. ಎಳೆ ಹುಣಸೆಕಾಯಿಯನ್ನು ಬೇರೆಯಾಗಿ ಬೇಯಿಸಿ, ಕಿವುಚಿ, ಸೋಸಿದ ರಸ ಆಮೇಲೆ. ಮೂಲಂಗಿ, ಅಲಸಂದೆ, ಬದನೆ ಬೆಂದ ಮೇಲೆ ಕಾಂಗ್‌ಕೋಂಗ್ ಸೊಪ್ಪು, ಉದ್ದನೆಯ ಹಸಿಮೆಣಸು. ಆ ಮೆಣಸಿನ ಹೆಸರೇ ‘ಸೀಲಿಂಗ್ ಪಾಂಗ್‌ಸಿಗಾಂಗ್’, ಸಿಗಾಂಗ್‌ಗೆ ಹಾಕುವ ಮೆಣಸು. ಹೀಗೆ ಧಾತು ಪಾತ್ರೆಯಿಂದ ಸಂತೆಗೂ ಹೋಯಿತು.

ಹುಣಸೆಯೂ ಸುಮ್ಮನೆ ಕುಳಿತಿಲ್ಲ. ಮನಿಲಾದ ಸಾಂಪಾಲೊಕ್ ಬಡಾವಣೆಗೆ ಅದರದೇ ಹೆಸರು. ಹುಣಸೆ ಚಿಗುರು ಹಾಕಿದ ಕೋಳಿಸಾರು ‘ಸಿನಾಂಪಾಲುಕಾನ್’: ಹಣ್ಣಿನ ಹೆಸರಿನ ಹೊಟ್ಟೆಗೂ ‘ಇನ್’ ಇಳಿದಿದೆ.

ಮಾತಿನಲ್ಲಿ ಹುಳಿಗೆ ಅಲ್ಲಿರುವ ಮರ್ಯಾದೆಯನ್ನೂ ಹೇಳಬೇಕು. ನಮ್ಮಲ್ಲಿ ಸಂಬಂಧ ಕೆಡಿಸುವವನು ‘ಹುಳಿ ಹಿಂಡುತ್ತಾನೆ’. ಅಲ್ಲಿ ವಯಸ್ಸಾದರೂ ಚೆಲುವು ಮಾಸದವರನ್ನು ಕಂಡು ‘ಮಾಯ್ ಆಸಿಮ್ ಪಾ’, ಹುಳಿ ಇನ್ನೂ ಇದೆ ಎನ್ನುತ್ತಾರೆ. ಈ ‘ಆಸಿಮ್’ ಮಲಯದ ‘ಆಸಾಮ್’ಗೆ ದಾಯಾದಿ.

ಆಹಾರ ಬರಹಗಾರ್ತಿ ಡೊರೀನ್ ಫೆರ್ನಾಂಡೆಜ್ (1934–2002) ‘ಸಿನಿಗಾಂಗ್ ಯಾಕೆ?’ ಎಂದೇ ಒಂದು ಪ್ರಬಂಧ ಬರೆದರು. ಸ್ಪ್ಯಾನಿಷ್ ಹೆಸರಿನ ಅಡೋಬೊ ಎಂಬ ಅಡುಗೆಗಿಂತ ಫಿಲಿಪಿನೊ ನಾಲಿಗೆಯನ್ನು ಪ್ರತಿನಿಧಿಸುವುದು ಸಿನಿಗಾಂಗ್ ಎಂಬುದು ಅವರ ವಾದ. ಬಡವರಿಗೂ ಸಿರಿವಂತರಿಗೂ, ಯಾವ ಊರಿಗೂ ಋತುವಿಗೂ ಅದು ಒಗ್ಗುತ್ತದೆ. ಈಗ ಮನಿಲಾದ ಹೋಟೆಲುಗಳಲ್ಲಿ ಕಲ್ಲಂಗಡಿ ಹಾಕಿದ್ದೂ ಸಿನಿಗಾಂಗೇ. ಹುಳಿಪುಡಿಯ ಪೊಟ್ಟಣವನ್ನು ನೀರಿಗೆ ಸುರಿದರೂ ಅದೇ ಹೆಸರು, ಅದಕ್ಕೆ ಮೂಗು ಮುರಿಯುವ ಅಜ್ಜಿಯರಿದ್ದರೂ.

ನಮ್ಮಲ್ಲಿ ಯಾರಿಗಾದರೂ ಮಾಡಿ ನೋಡುವ ಮನಸ್ಸಾದರೆ ಆ ಪೊಟ್ಟಣಕ್ಕಾಗಿ ಅಲೆಯಬೇಡಿ. ಹುಣಸೆಕಾಯಿಯೋ ಬಿಂಬುಳಿಯೋ ಮಾವಿನಕಾಯಿಯೋ, ಹಿತ್ತಲಲ್ಲಿ ಯಾವ ಹುಳಿಯಿದೆಯೋ ಅದನ್ನೇ ಹಾಕಿ. ಮಾಂಸ ಬೇಯುವವರೆಗೆ ಮಾತ್ರ ಕಾಯಿರಿ. ಹೆಸರು ಕೇಳುವುದು ಅಷ್ಟನ್ನೇ.